ಕ್ರಿಸ್ಟಾ, ಹೈಕ್ರಾಸ್ ಮತ್ತು ನಮ್ಮ ಮನೆಯ ಲೆಕ್ಕಾಚಾರ

ನಮ್ಮದು ಮಂಡ್ಯದಲ್ಲಿ ಎಂಟು ಜನರ ಮನೆ. ಹಳೆಯ ಟೊಯೋಟಾ ಇನ್ನೋವಾ ಕೊಟ್ಟು, ಅದರದೇ ಮಾದರಿಗಳಾದ ಕ್ರಿಸ್ಟಾ, ಹೈಕ್ರಾಸ್‌ಗಳಲ್ಲಿ ಒಂದನ್ನು ತರುವ ಮಾತು ಯುಗಾದಿಯಿಂದ ನಡೆಯುತ್ತಿದೆ. ‘ಇನ್ನೋವಾ ಎಂದ ಮೇಲೆ ಕ್ರಿಸ್ಟಾ ಆದರೇನು, ಹೈಕ್ರಾಸ್ ಆದರೇನು’ ಎಂದು ಭಾವ ಹೇಳಿದ್ದನ್ನು ನಾನು ಒಪ್ಪಲಾರೆ. ಎರಡೂ ಇಲ್ಲೇ ಬಿಡದಿಯಲ್ಲಿ ತಯಾರಾದವು ಎಂಬುದು ನಿಜ. ಆದರೆ ಎಂಜಿನ್ನಿನ ಶಕ್ತಿ ಚಕ್ರಕ್ಕೆ ತಲುಪುವ ದಾರಿಯೇ ಎರಡರಲ್ಲೂ ಬೇರೆ ಬೇರೆ.

2016ರಲ್ಲಿ ಬಂದ ಕ್ರಿಸ್ಟಾ ಲಾರಿಯಂತೆ ಚಾಸಿಯ, ಅಂದರೆ ಬೇರೆಯದೇ ಆದ ಉಕ್ಕಿನ ಚೌಕಟ್ಟಿನ, ಮೇಲೆ ಕೂತ ಗಾಡಿ. 2023ರಲ್ಲಿ ಅದು ಮರಳಿ ಬಂದಾಗ 2.4 ಲೀಟರಿನ ಡೀಸೆಲ್ ಎಂಜಿನ್ನೂ ಐದು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸೂ ಮಾತ್ರ ಉಳಿದಿದ್ದವು. 343 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) 1400 ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಮಿಷಕ್ಕೆ 1400 ಸುತ್ತು ತಿರುಗುವಾಗಲೇ, ಸಿಗುವುದರಿಂದ ಏರಿಗೆ ಎಳೆತ ಸಾಲುತ್ತದೆ; ಹಿಂದಿನ ಚಕ್ರಗಳು ಗಾಡಿಯನ್ನು ತಳ್ಳುವುದರಿಂದ, ಜನ ಮತ್ತು ಸಾಮಾನು ತುಂಬಿಕೊಂಡು ತಾಳಬೆಟ್ಟದಿಂದ ಮಾದಪ್ಪನ ಬೆಟ್ಟ ಹತ್ತುವಾಗ ಭಾರ ಹಿಂದಕ್ಕೆ ವಾಲಿದಷ್ಟೂ ಹಿಡಿತ ಹೆಚ್ಚುತ್ತದೆ. ಇಳಿಯುವಾಗ ಎರಡನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ.

ಹೈಕ್ರಾಸ್‌ನಲ್ಲಿ ಡೀಸೆಲ್ ಇಲ್ಲ, ಚಾಸಿಯಿಲ್ಲ, ಎಳೆಯುವುದು ಮುಂದಿನ ಚಕ್ರಗಳು. ಜನ ಎಡವುವುದು ಇದರ ಗೇರ್‌ಬಾಕ್ಸಿನ ಹೆಸರಿನಲ್ಲಿ. ಬರೀ ಪೆಟ್ರೋಲಿನದಕ್ಕೆ ಸಿವಿಟಿ, ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್‌ಗೆ ಇ-ಸಿವಿಟಿ ಎಂದು ಬರೆದಿರುವುದರಿಂದ ಎರಡೂ ಒಂದೇ ಜಾತಿಯವೆಂದು ತಿಳಿಯುತ್ತಾರೆ. ಸಿವಿಟಿಯಲ್ಲಿ ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತಾ ಗೇರಿನ ಕೆಲಸ ಮಾಡುತ್ತದೆ. ಇ-ಸಿವಿಟಿಯಲ್ಲಿ ಬೆಲ್ಟೂ ಇಲ್ಲ, ಕ್ಲಚ್ಚೂ ಇಲ್ಲ, ಹಲ್ಲುಚಕ್ರಗಳ ಒಂದೇ ಜೋಡಣೆ ಎಂಜಿನ್ನನ್ನೂ ಎರಡು ಮೋಟಾರುಗಳನ್ನೂ ಬೆಸೆಯುತ್ತದೆ. ಗಾಡಿ ಎಳೆಯುವ ಮೋಟಾರಿನ 206 ನ್ಯೂಟನ್ ಮೀಟರ್ ಟಾರ್ಕ್ ನಿಂತಲ್ಲಿಂದಲೇ ದಕ್ಕುತ್ತದೆ. ಎಂಜಿನ್ ಮತ್ತು ಮೋಟಾರು ಸೇರಿ ಶಕ್ತಿ 186 ಪಿಎಸ್ (ಅಶ್ವಶಕ್ತಿ). ಮಾರುತಿಯ ಇನ್ವಿಕ್ಟೋ ಒಳಗಿರುವುದೂ ಇದೇ ಹೈಬ್ರಿಡ್ ಯಂತ್ರ.

ಕಂಪನಿ ಹೇಳುವ ಮೈಲೇಜ್ ಲೀಟರಿಗೆ ಹೈಬ್ರಿಡ್‌ಗೆ 23.24 ಕಿ.ಮೀ., ಬರೀ ಪೆಟ್ರೋಲಿಗೆ 16.13. ಮೈಸೂರಿನ ದೇವರಾಜ ಅರಸು ರಸ್ತೆಯಂಥ ಕಡೆ ನಿಂತು ನಿಂತು ಸಾಗುವಾಗ ಹೈಬ್ರಿಡ್‌ನ ಎಂಜಿನ್ ಆರಿರುತ್ತದೆ, ಬ್ರೇಕ್ ಹಿಡಿದಾಗಲೆಲ್ಲ ಬ್ಯಾಟರಿ ತುಂಬಿಕೊಳ್ಳುತ್ತದೆ. ಬೆಂಗಳೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಆ ಲಾಭ ತಗ್ಗುತ್ತದೆ.

ಎಂಟು ಜನ ಕೂರುವ ಮನೆಗೆ, ಬೆಲೆ ಕಡಿಮೆಯೆಂಬ ಒಂದೇ ಕಾರಣಕ್ಕೆ ಬರೀ ಸಿವಿಟಿಯ ಹೈಕ್ರಾಸ್ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಅದರ ಪೆಟ್ರೋಲ್ ಎಂಜಿನ್ ಪೂರ್ತಿ ಎಳೆತ ಕೊಡುವುದು ಹೆಚ್ಚಿನ ಆರ್‌ಪಿಎಂನಲ್ಲಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮೊದಲು ಸದ್ದು ಏರುತ್ತದೆ, ವೇಗ ಆಮೇಲೆ ಬರುತ್ತದೆ. ಬೆಟ್ಟಕ್ಕೆ ನಾವು ಹೋಗುವುದು ವರ್ಷಕ್ಕೆರಡು ಸಲ, ಮೈಸೂರಿಗೆ ವಾರಕ್ಕೆ ನಾಲ್ಕು ಸಲ. ಆದ್ದರಿಂದ ನನ್ನ ಮನಸ್ಸು ಹೈಬ್ರಿಡ್ ಕಡೆಗಿದೆ. ಪೂರ್ತಿ ಜನ ಹತ್ತಿಸಿಕೊಂಡು ಅದರಲ್ಲಿ ಮಾದಪ್ಪನ ಬೆಟ್ಟ ಏರಿದವರು, ಮುಖ್ಯವಾಗಿ ಇಳಿಯುವಾಗ ಬ್ಯಾಟರಿ ತುಂಬಿ ಇನ್ನು ಹಿಡಿಸದಾದ ಮೇಲೆ ಗಾಡಿ ಹೇಗೆ ನಡೆದುಕೊಂಡಿತೆಂದು ಗಮನಿಸಿದವರು, ದಯವಿಟ್ಟು ಬರೆಯಿರಿ.