ಸತ್ಯಾಂಶ: ಗೋಡೆ ದಪ್ಪ ಇದ್ದರೆ ಭೂಕಂಪಕ್ಕೆ ಬೀಳಲ್ವಾ?

ವಿಜಯಪುರದ ಕಡೆ ನೆಲ ಸ್ವಲ್ಪ ನಡುಗಿದರೆ ಸಾಕು, ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತದೆ: "ಹಳೇ ಕಲ್ಲಿನ ಮನೆಗೆ ಏನೂ ಆಗಲ್ಲ, ಗೋಡೆ ಎರಡೂವರೆ ಅಡಿ ದಪ್ಪ. ಗೋಳಗುಮ್ಮಟ ನೋಡಿ!"

ಇದು ತಪ್ಪು. ಗೋಡೆಯ ಭಾರ ಹೆಚ್ಚಿದಷ್ಟೂ ಭೂಕಂಪ ಅದನ್ನು ಎಳೆದಾಡುವ ಬಲವೂ ಜಾಸ್ತಿ. ಅಲ್ಲದೆ ಇಂಥ ದಪ್ಪ ಗೋಡೆ ಎಷ್ಟೋ ಸಲ ಒಂದಲ್ಲ, ಎರಡು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಮಣ್ಣು, ಚೂರುಕಲ್ಲು. ನಡುಗಿದಾಗ ಎರಡೂ ಸಾಲು ಬೇರೆಯಾಗಿ, ಹೊಟ್ಟೆ ಉಬ್ಬಿ ಕುಸಿಯುತ್ತವೆ. ಮೇಲೆ ಮಣ್ಣಿನ ಮಾಳಿಗೆಯ ಭಾರ ಬೇರೆ. 1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಆದದ್ದು ಇದೇ.

ಗೋಳಗುಮ್ಮಟದ ಮಾತೇ ಬೇರೆ. ಅದು ಗಾರೆಯಲ್ಲಿ ಕಟ್ಟಿದ್ದು, ಒಂದಕ್ಕೊಂದು ಹೆಣೆದ ಕಮಾನುಗಳು ಗುಮ್ಮಟವನ್ನು ಹೊತ್ತಿವೆ. ಅದನ್ನು ಮಣ್ಣಿನಲ್ಲಿ ಕಲ್ಲು ಪೇರಿಸಿದ ಮನೆಗೆ ಹೋಲಿಸೋದು ಸುಮ್ನೆ ಮಾತು, ಅಲ್ವಾ?

ಇಂಥ ಮನೆಗಳು ಭೂಕಂಪ ತಾಳುವಂತೆ ಕಟ್ಟಲು ಇರುವ ಮಾರ್ಗಸೂಚಿ, ಭಾರತೀಯ ಮಾನಕ (IS) 13828ರ ಪ್ರಕಾರ ಕಲ್ಲಿನ ಗೋಡೆ 450 ಮಿಲಿಮೀಟರ್, ಅಂದರೆ ಒಂದೂವರೆ ಅಡಿ ಮೀರಬಾರದು. ಪ್ರತಿ 600 ಮಿಲಿಮೀಟರ್ ಎತ್ತರಕ್ಕೆ, ಗೋಡೆಯ ಉದ್ದಕ್ಕೂ 1.2 ಮೀಟರ್‌ಗೊಂದರಂತೆ, ಗೋಡೆಯ ಆರಪಾರ ಹಾಯುವ ಉದ್ದ ಕಲ್ಲು ಬೇಕು. ಗೌಂಡಿ ಅಂಥ ಕಲ್ಲು ಸಿಗಲ್ಲ ಅಂದರೆ ಕಾಂಕ್ರೀಟ್ ತುಂಡು ಹಾಕಿದರೂ ನಡೆಯುತ್ತದೆ.