ಪೆಟ್ರೋಲ್ ಪೈಪಿನ ಮೇಲೆ ಏನು ಅಚ್ಚಾಗಿದೆ, ಓದಿದಿರಾ?

ಜರ್ಮನಿಯಲ್ಲಿ ಎಂಬತ್ತರ ದಶಕದ ಬಿಎಂಡಬ್ಲ್ಯು 325ಐ ಸಾಕಿಕೊಂಡವರು ಇವತ್ತಿಗೂ ಬಹಳ ಮಂದಿ. ನಮ್ಮೂರ ಕಡೆ ಅಷ್ಟೇ ಅಕ್ಕರೆಯಿಂದ ಇಕಾನ್ 1.6, ಪಾಲಿಯೊ ಜಿಟಿಎಕ್ಸ್, ಆಕ್ಟೇವಿಯಾ ಆರ್‌ಎಸ್ ಇಟ್ಟುಕೊಂಡವರಿದ್ದಾರೆ. ಕೈಕೆಲಸದಲ್ಲಿ ನಮ್ಮ ಮೆಕ್ಯಾನಿಕ್‌ಗಳು ಯಾರಿಗೂ ಕಡಿಮೆಯಿಲ್ಲ. ನಾವು ಎಡವುವುದು ಪೈಪ್ ಕೊಳ್ಳುವಾಗ.

ಅಂಗಡಿಯಲ್ಲಿ "ಎಂಟು ಎಂಎಂ ಪೆಟ್ರೋಲ್ ಪೈಪ್, ಎರಡು ಮೀಟರ್" ಅಂದರೆ ಕತ್ತರಿಸಿ ಕೊಡುತ್ತಾರೆ. ಕಾರ್ಬ್ಯುರೇಟರ್ ಗಾಡಿಗೆ ಅದು ಸಾಕು, ಅಲ್ಲಿ ಒತ್ತಡ ಅರ್ಧ ಬಾರ್ ಕೂಡ ಇರುವುದಿಲ್ಲ. 325ಐ ಇಂಜೆಕ್ಷನ್ ಗಾಡಿ, ಅದರ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ನಳಿಕೆಯಲ್ಲಿ (ಫ್ಯೂಯಲ್ ರೈಲ್) 3 ಬಾರ್ ಇರುತ್ತದೆ. ಎಸ್‌ಎಇ ಜೆ30 ಎಂಬುದು ಪೆಟ್ರೋಲ್ ಪೈಪಿನ ಅಮೆರಿಕನ್ ಮಾನದಂಡ, ಆರ್7, ಆರ್9 ಅದರ ದರ್ಜೆಗಳು. ಆರ್7 ಎಂದು ಅಚ್ಚಾದ ಪೈಪಿನ ಮಿತಿಯೇ ಸುಮಾರು 3.4 ಬಾರ್. ಕೇಳಿ ತರಬೇಕಾದದ್ದು ಆರ್9: ಸುಮಾರು 7 ಬಾರ್ ತಡೆಯುತ್ತದೆ, ಒಳಪದರ ಎಥನಾಲ್‌ಗೂ ಜಗ್ಗದ ಫ್ಲೋರೊ ರಬ್ಬರ್. ಜರ್ಮನಿಯಲ್ಲಿ ಇದಕ್ಕೆ ಡಿಐಎನ್ 73379 3ಇ ಎಂದು ಕೇಳುತ್ತಾರೆ. ಬೆಂಗಳೂರಿನಲ್ಲಿ ಬಿಡಿಭಾಗಗಳ ಅಂಗಡಿ ಸಾಲಿರುವ ಜೆ.ಸಿ. ರಸ್ತೆಗೆ ಹೋದರೂ ಅಳತೆಯ ಜೊತೆ ದರ್ಜೆಯನ್ನೂ ಹೇಳಿ, ಪೈಪ್ ತಿರುಗಿಸಿ ಅಚ್ಚು ಓದಿ, ಆಮೇಲೆ ದುಡ್ಡು ಕೊಡಿ.

ಜರ್ಮನಿಗೆ ಇ10, ಅಂದರೆ ಶೇಕಡಾ ಹತ್ತರವರೆಗೆ ಎಥನಾಲ್ ಬೆರೆತ ಪೆಟ್ರೋಲ್, ಬಂದದ್ದು 2011ರಲ್ಲಿ, ಆದರೆ ಹಳೆಯ ಕಾರಿನವರಿಗೆ ಅದೇ ಬಂಕಿನಲ್ಲಿ ಇ5 ಇನ್ನೂ ಸಿಗುತ್ತದೆ. ನಮ್ಮಲ್ಲಿ ಇ20 ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಈಗ ಬಹುತೇಕ ಬಂಕುಗಳಲ್ಲಿ ಅದೇ. ಹಾಗಾಗಿ ಪೈಪಿನ ವಿಷಯದಲ್ಲಿ ಜರ್ಮನ್ನರಿಗಿಂತ ನಾವೇ ಹೆಚ್ಚು ಬಿಗಿಯಾಗಿರಬೇಕು. ಹಳೆಯ ನೈಟ್ರೈಲ್ ರಬ್ಬರನ್ನು ಮೆತ್ತಗಿಡುವ ಅಂಶವನ್ನು ಎಥನಾಲ್ ಹೀರಿ ತೆಗೆಯುತ್ತದೆ. ಒದ್ದೆಯಿರುವಾಗ ಊದಿಕೊಂಡ ಪೈಪ್, ಗಾಡಿ ತಿಂಗಳುಗಟ್ಟಲೆ ನಿಂತು ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಅಪರೂಪಕ್ಕೆ ಹೊರಗೆ ತೆಗೆಯುವ ಗಾಡಿಗೇ ಈ ಕಾಟ ಹೆಚ್ಚು.

ಜರ್ಮನ್ನರದ್ದೆಲ್ಲ ಸರಿ ಅಂತಲ್ಲ. ಮೂಲದಂತೆ ಕಾಣಬೇಕೆಂದು ನೂಲು ಹೆಣೆದ ಪೈಪನ್ನೇ ಮತ್ತೆ ಹಾಕಿಸುವ ಹಟ ಅಲ್ಲಿ ಹಲವರಿಗಿದೆ. ತೆಗೆದ ಹಳೆಯ ಪೈಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಮಗುಚಿ ಬಗ್ಗಿಸಿ ನೋಡಿ: ಹೊರಗಿನ ನೂಲು ಗಟ್ಟಿಯಾಗೇ ಇರುತ್ತದೆ, ಕ್ಲಿಪ್ ಕೂತಿದ್ದ ಜಾಗದ ಒಳಗೆ ಮಾತ್ರ ಉಗುರಿನಿಂದ ಗೀರಿದಂಥ ಬಿರುಕುಗಳು. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ, ಪೆಟ್ರೋಲ್ ಸೋರಿದರೆ ಗಾಡಿ ಪಾಸಾಗುವುದಿಲ್ಲ. ಆದರೆ ಈ ಬಿರುಕು ತಪಾಸಕನ ಟಾರ್ಚಿಗೂ ಕಾಣದು. ನಮ್ಮಲ್ಲಂತೂ ಖಾಸಗಿ ಕಾರಿಗೆ ಹದಿನೈದು ವರ್ಷದವರೆಗೆ ಹೊಗೆ ತಪಾಸಣೆ ಬಿಟ್ಟರೆ ಬೇರೆ ಯಾವುದೂ ಇಲ್ಲ. ಒಸರಿದ ಮೇಲೆ ನೋಡೋಣ ಅನ್ನಬೇಡಿ. 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ತೊಟ್ಟಿಕ್ಕುವುದಿಲ್ಲ, ಮಂಜಿನಂತೆ ಸಿಡಿದು ಬಿಸಿ ಎಂಜಿನ್ ಮೇಲೆ ಬೀಳುತ್ತದೆ. ಹತ್ತು ವರ್ಷಕ್ಕೊಮ್ಮೆ ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ಮರಳುವ ವಾಪಸ್ ಲೈನೂ ಸೇರಿ ಎಲ್ಲವನ್ನೂ ಬದಲಾಯಿಸುವುದೇ ಸರಿ.

ಕೆಲಸ ಶುರು ಮಾಡುವ ಮುಂಚೆ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿ. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ಹೊಸ ಪೈಪನ್ನು ಹರಿತ ಬ್ಲೇಡಿನಿಂದ ನೇರಕ್ಕೆ ಕತ್ತರಿಸಿ. ಗರಗಸ ಹಾಕಿದರೆ ರಬ್ಬರಿನ ಪುಡಿ ಇಂಜೆಕ್ಟರ್ ಸೇರುತ್ತದೆ. ಲೋಹದ ನಳಿಕೆಯ ಉಬ್ಬನ್ನು ದಾಟಿ 20-25 ಮಿ.ಮೀ. ಒಳಗೆ ತಳ್ಳಿ, ಉಬ್ಬಿನ ಹಿಂದೆ ಕ್ಲ್ಯಾಂಪ್ ಕೂರಿಸಿ. ಸೀಳು ಕೊರೆದ ಮಾಮೂಲಿ ಹೋಸ್ ಕ್ಲಿಪ್ ರಬ್ಬರನ್ನು ಕೊಯ್ಯುತ್ತದೆ, ಅಂಚು ಮಡಿಚಿದ ಇಂಜೆಕ್ಷನ್ ಕ್ಲ್ಯಾಂಪ್ ತನ್ನಿ.

ಟ್ಯಾಂಕಿನೊಳಗಿನ ತುಂಡಿಗೆ ಮಾತ್ರ ಆರ್9 ಬೇಡ. ಅದರ ಹೊರಪದರ ಪೆಟ್ರೋಲಿನಲ್ಲಿ ಮುಳುಗಿರಲು ಮಾಡಿದ್ದಲ್ಲ. ಮೆತ್ತಗಾಗಿ ಉದುರಿ ಪಂಪಿನ ಜಾಲರಿ ಕಟ್ಟುತ್ತದೆ. ಅಲ್ಲಿಗೆ ಮುಳುಗಿರಲೆಂದೇ ಮಾಡಿದ ಆರ್10 ಬೇಕು. ಬೆಲೆ ಕೇಳಿ ಎದೆ ಧಸಕ್ಕೆನ್ನಬಹುದು, ಬೇಕಾಗುವುದು ಗೇಣುದ್ದ ಅಷ್ಟೇ.

ಎಲ್ಲ ಕೂರಿಸಿದ ಮೇಲೆ ಫ್ಯೂಸ್, ಬ್ಯಾಟರಿ ಹಾಕಿ, ಪಂಪ್ ರಿಲೇ ತೆಗೆದು, ಅದು ಕೂರುವ ಸಾಕೆಟ್ಟಿನಲ್ಲಿ 30 ಮತ್ತು 87 ಎಂಬ ಸಂಖ್ಯೆಯ ತೂತುಗಳ ನಡುವೆ ವೈರ್ ಕೊಟ್ಟರೆ ಎಂಜಿನ್ ಓಡಿಸದೆಯೇ ಒತ್ತಡ ಏರುತ್ತದೆ. ಪ್ರತಿ ಜೋಡಣೆಯನ್ನೂ ಒಣ ಟಿಶ್ಯೂನಿಂದ ಒರೆಸಿ ನೋಡಿ. ಮಾರನೆಯ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಬಾನೆಟ್ ಎತ್ತಿ ಇನ್ನೊಮ್ಮೆ ಮೂಸಿ. ರಬ್ಬರ್ ಕುಗ್ಗಿ ಕ್ಲ್ಯಾಂಪ್ ಸಡಿಲವಾಗುವುದು ಆಗಲೇ.