ಬಾಡಿಗೆ ಬಾಕಿಯಿರುವಾಗ ಪಂದ್ಯ ನಡೆಯಬೇಕೇ?

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಜಾಗತಿಕ ಸಾಂಕ್ರಾಮಿಕ ಎಂದು ಹೇಳಿತು. ಅದೇ ರಾತ್ರಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ ಪಂದ್ಯಗಳನ್ನು ನಿಲ್ಲಿಸಿತು. ಆದರೆ ಎರಡೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಬೇಸ್‌ಬಾಲ್, ಜರ್ಮನಿಯ ಫುಟ್‌ಬಾಲ್ ಖಾಲಿ ಕ್ರೀಡಾಂಗಣಗಳಲ್ಲಿ ಮತ್ತೆ ಶುರುವಾದವು. ಆ ಹೊತ್ತಿಗೆ ಅಮೆರಿಕದಲ್ಲಿ ನಿರುದ್ಯೋಗ ಶೇ 14 ದಾಟಿತ್ತು. ಬಾಡಿಗೆ ಕಟ್ಟಲಾಗದವರನ್ನು ಮಾಲೀಕರು ಹೊರಹಾಕದಂತೆ ಹಲವು ಸರ್ಕಾರಗಳು ತುರ್ತು ಆದೇಶ ಹೊರಡಿಸಿದ್ದವು. ಅಂಥ ಹೊತ್ತಿನಲ್ಲಿ ವೃತ್ತಿಪರ ಕ್ರೀಡೆ ನಡೆದದ್ದು ಸರಿಯೇ? ಅಂಥ ಕಾಲ ಮತ್ತೆ ಬಂದರೆ ನಡೆಯಬೇಕೇ?

ಪರ: ಆಟವೂ ದುಡಿಮೆಯೇ

ಕ್ರೀಡೆ ನಿಲ್ಲಿಸಿ ಎನ್ನುವವರ ಬಾಯಲ್ಲಿ ಮೊದಲು ಬರುವ ಮಾತು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮಲ್ಲಿಗೆ ಕಟ್ಟುವವರೂ ಅದರಿಂದಲೇ ಹೊಟ್ಟೆ ಹೊರೆಯುತ್ತಾರೆ ಎಂಬುದು ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ. ವೃತ್ತಿಪರ ಕ್ರೀಡೆ ಎಂದೊಡನೆ ಕೋಟಿಗಟ್ಟಲೆ ಸಂಪಾದಿಸುವ ನಾಲ್ಕಾರು ಮುಖಗಳು ನೆನಪಾಗುತ್ತವೆ. ಅವರ ಹಿಂದೆ ಅಂಗಣ ಸಿದ್ಧಪಡಿಸುವವರು, ಬಟ್ಟೆ ಒಗೆಯುವವರು, ಕ್ಯಾಮೆರಾ ಹಿಡಿಯುವವರು, ತಂಡದ ಬಸ್ ಓಡಿಸುವವರು ಇದ್ದಾರೆ. ಕೆಳ ಹಂತದ ಲೀಗ್‌ಗಳಲ್ಲಿ ತಿಂಗಳ ಕೊನೆ ಮುಟ್ಟಲು ಹೆಣಗುವ ಆಟಗಾರರಂತೂ ಸಾವಿರಾರು.

ಆಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮೈನರ್ ಲೀಗ್ ಬೇಸ್‌ಬಾಲ್ ಸಾಕ್ಷಿ. ದೊಡ್ಡ ತಂಡಗಳ ಅಡಿಯಲ್ಲಿ ಹುಡುಗರು ಪಳಗುವ ಈ ಲೀಗ್‌ಗಳಿಗೆ ಟಿ.ವಿ. ಹಣದ ಆಸರೆಯಿಲ್ಲ, ಟಿಕೆಟ್ ಮಾರಿಯೇ ಬದುಕಬೇಕು. ಸಾಂಕ್ರಾಮಿಕಕ್ಕೂ ಮೊದಲು ಕೆಳಗಿನ ದರ್ಜೆಯ ಆಟಗಾರನ ಕನಿಷ್ಠ ಸಂಬಳ ವಾರಕ್ಕೆ 290 ಡಾಲರ್, ಅದೂ ಆಟದ ತಿಂಗಳುಗಳಲ್ಲಿ ಮಾತ್ರ. 2020ರ ಜೂನ್ 30ರಂದು ಇಡೀ ಋತುವನ್ನು ರದ್ದು ಮಾಡಲಾಯಿತು. ಅದಕ್ಕೂ ಮೊದಲೇ ನೂರಾರು ಆಟಗಾರರನ್ನು ತಂಡಗಳು ಕೈಬಿಟ್ಟಿದ್ದವು. ಉಳಿದವರ ಪಾಲಿಗಿದ್ದದ್ದು ವಾರಕ್ಕೆ 400 ಡಾಲರ್ ಭತ್ಯೆ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಡೇವಿಡ್ ಪ್ರೈಸ್ ತಮ್ಮ ಸಂಸ್ಥೆಯ ಪ್ರತಿಯೊಬ್ಬ ಮೈನರ್ ಲೀಗ್ ಆಟಗಾರನಿಗೆ ಜೂನ್ ತಿಂಗಳ ಖರ್ಚಿಗೆಂದು ಸ್ವಂತ ಜೇಬಿನಿಂದ 1,000 ಡಾಲರ್ ಕೊಡಲು ಮುಂದಾದರು. ಹೃದಯ ದೊಡ್ಡದು, ನಿಜ. ಆದರೆ ಒಬ್ಬನ ದಾನದ ಮೇಲೆ ಎಷ್ಟು ಜನರ ಮನೆ ನಡೆದೀತು?

2021ರಲ್ಲಿ ಆಟ ಮತ್ತೆ ಶುರುವಾದಾಗ ಇನ್ನೊಂದು ಸಂಕಟ ಎದುರಾಯಿತು. ಪಂದ್ಯ ನಡೆಯುವ ಊರಿನ ಕುಟುಂಬಗಳು ಆಟಗಾರರನ್ನು ತಮ್ಮ ಮನೆಯಲ್ಲೇ ಇಟ್ಟುಕೊಳ್ಳುವ ಹಳೆಯ ಪದ್ಧತಿ ಸೋಂಕಿನ ನಿಯಮಗಳಿಂದಾಗಿ ನಿಂತುಹೋಗಿತ್ತು. ಬಾಡಿಗೆಗಳು ಏರುತ್ತಿದ್ದ ಕಾಲದಲ್ಲೇ ಈ ಹುಡುಗರು ಮನೆ ಹುಡುಕಬೇಕಾಯಿತು. ಒಂದೇ ಅಪಾರ್ಟ್‌ಮೆಂಟಿನಲ್ಲಿ ಹಲವರು, ಗಾಳಿ ತುಂಬಿದ ಹಾಸಿಗೆಗಳ ಮೇಲೆ, ಒಬ್ಬರ ತಲೆಗೆ ಇನ್ನೊಬ್ಬರ ಕಾಲು ತಾಗುವಂತೆ ಮಲಗಿದರು. ಅವರು ಸುಮ್ಮನಿರಲಿಲ್ಲ, ತಮ್ಮ ಸ್ಥಿತಿಯನ್ನು ಬಹಿರಂಗವಾಗಿ ಹೇಳಿಕೊಂಡರು. ಅದೇ ವರ್ಷದ ಕೊನೆಯಲ್ಲಿ ದೊಡ್ಡ ತಂಡಗಳ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್, 2022ರಿಂದ ತಂಡಗಳೇ ಮೈನರ್ ಲೀಗ್ ಆಟಗಾರರಿಗೆ ವಸತಿ ಕೊಡಬೇಕೆಂಬ ನಿಯಮ ತಂದಿತು. ಆಟ ನಡೆಯುತ್ತಿದ್ದುದರಿಂದಲೇ ಅವರ ಮಾತಿಗೆ ತೂಕ ಬಂತು ಎಂಬುದು ನನ್ನ ದೃಢ ನಂಬಿಕೆ. ಬಾಗಿಲು ಮುಚ್ಚಿದ ಕಾರ್ಖಾನೆಯ ಕೆಲಸಗಾರನ ಅಹವಾಲನ್ನು ಯಾರು ಕೇಳುತ್ತಾರೆ?

ಕ್ರೀಡೆ ಸಾಂಕ್ರಾಮಿಕದ ಬೆನ್ನೇರಿ ಲಾಭ ಮಾಡಿಕೊಂಡಿತು ಎಂಬ ಮಾತೂ ಅರ್ಧಸತ್ಯ. ಎನ್‌ಬಿಎ 2020ರ ಜುಲೈಯಿಂದ ಅಕ್ಟೋಬರ್‌ವರೆಗೆ 22 ತಂಡಗಳನ್ನು ಫ್ಲಾರಿಡಾದ ಡಿಸ್ನಿ ವರ್ಲ್ಡ್ ಆವರಣದೊಳಗೆ ಇರಿಸಿ ಆಡಿಸಿತು. ಹೊರಗಿನವರ ಸಂಪರ್ಕವಿಲ್ಲದ ಆ ಬಯೋ ಬಬಲ್‌ಗೆ ತಗಲಿದ ವೆಚ್ಚ 15 ಕೋಟಿ ಡಾಲರ್‌ಗೂ ಹೆಚ್ಚು. ಅದೇ ಲೀಗ್ ಮತ್ತು ಆಟಗಾರರ ಸಂಘದ ಹಣದ ನೆರವಿನಿಂದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಎಂಜಲಿನಿಂದ ಸೋಂಕು ಪತ್ತೆಹಚ್ಚುವ ಅಗ್ಗದ ವಿಧಾನವೊಂದನ್ನು ರೂಪಿಸಿದರು. ಮೂಗಿನ ಆಳಕ್ಕೆ ಕಡ್ಡಿ ತೂರಿಸಬೇಕಿರಲಿಲ್ಲ, ವಿಶೇಷ ರಾಸಾಯನಿಕಗಳಿಗೆ ಕಾಯಬೇಕಿರಲಿಲ್ಲ. ಆಗಸ್ಟ್‌ನಲ್ಲಿ ಅದಕ್ಕೆ ತುರ್ತು ಬಳಕೆಯ ಅನುಮತಿ ಸಿಕ್ಕಿತು, ಬೇರೆ ಪ್ರಯೋಗಾಲಯಗಳೂ ಬಳಸಲೆಂದು ಆ ವಿಧಾನವನ್ನು ಮುಕ್ತವಾಗಿ ಬಿಟ್ಟುಕೊಟ್ಟರು. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್, ಒಂದೂ ಪಂದ್ಯ ರದ್ದಾಗದಂತೆ 256 ಪಂದ್ಯಗಳನ್ನು ಮುಗಿಸಿತು. ಜೊತೆಯಲ್ಲಿ ಕುಳಿತು ಊಟ ಮಾಡುವುದು, ಗಾಳಿಯಾಡದ ಕೋಣೆ, ಒಂದೇ ವಾಹನ ಇವುಗಳ ಅಪಾಯವನ್ನು ಅದರ ದಾಖಲೆಗಳಿಂದಲೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಜನವರಿಯಲ್ಲಿ ವಿವರಿಸಿತು. ಆ ತಿಳಿವಳಿಕೆ ಕಚೇರಿ, ಶಾಲೆ, ಕಾರ್ಖಾನೆಗಳಿಗೂ ಸಲ್ಲುವಂಥದು.

ಇನ್ನು ಮನೆಯೊಳಗಿನ ಬದುಕು. ಸೋಮವಾರಕ್ಕೂ ಗುರುವಾರಕ್ಕೂ ವ್ಯತ್ಯಾಸ ತಿಳಿಯದಂತಿದ್ದ ದಿನಗಳಲ್ಲಿ, ಇಂಥ ದಿನ ಇಂಥ ಹೊತ್ತಿಗೆ ಪಂದ್ಯವಿದೆ ಎಂಬುದು ಅನೇಕರಿಗೆ ಹಿಡಿದುಕೊಳ್ಳಲು ಸಿಕ್ಕ ಒಂದು ಗೂಟ. 2020ರ ಮೇ 16ರಂದು ಜರ್ಮನಿಯ ಫುಟ್‌ಬಾಲ್ ತಂಡ ಡಾರ್ಟ್‌ಮುಂಡ್ ತನ್ನ ಎದುರಾಳಿ ಶಾಲ್ಕೆಯನ್ನು 4-0 ಗೋಲುಗಳಿಂದ ಸೋಲಿಸಿದ ದಿನ ಚೆಂಡು ಒದೆಯುವ ಸದ್ದು, ಕೋಚ್‌ಗಳ ಕೂಗು ಮನೆಯವರೆಗೆ ಕೇಳಿಸಿದವು. ಆಟಗಾರರು ಅಂತರ ಕಾಯ್ದುಕೊಂಡೇ ಸಂಭ್ರಮಿಸಿದರು. ಪಂದ್ಯ ಮುಗಿದ ಮೇಲೆ, ಸಾಮಾನ್ಯವಾಗಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ನಿಲ್ಲುವ ದಕ್ಷಿಣದ ಖಾಲಿ ಸ್ಟ್ಯಾಂಡಿನ ಮುಂದೆ ಸಾಲಾಗಿ ನಿಂತು ವಂದಿಸಿದರು. ಮನೆಯಲ್ಲೇ ಇರಿ ಎಂದು ಜನರಿಗೆ ಹೇಳುವ ಸರ್ಕಾರ, ಮನೆಯಲ್ಲಿರಲು ಒಂದು ಕಾರಣವನ್ನೂ ಉಳಿಸಬೇಕು.

ಪ್ರೇಕ್ಷಕರನ್ನು ಸೇರಿಸಬೇಕೆಂದು ನಾನು ವಾದಿಸುತ್ತಿಲ್ಲ. ಪ್ರೇಕ್ಷಕರಿಲ್ಲದ, ಪರೀಕ್ಷೆಯ ಖರ್ಚನ್ನು ತಾನೇ ಹೊರುವ ಆಟವನ್ನು ನಿಲ್ಲಿಸುವುದರಿಂದ ಯಾರ ಬಾಡಿಗೆಯೂ ಸಂದಾಯವಾಗುವುದಿಲ್ಲ ಎಂಬುದಷ್ಟೇ ನನ್ನ ಮಾತು. ಇಂಗ್ಲೆಂಡಿನಲ್ಲಿ ಬಾಡಿಗೆದಾರರನ್ನು ಕಾಪಾಡಿದ್ದು ಒಕ್ಕಲೆಬ್ಬಿಸುವುದರ ಮೇಲಿನ ನಿಷೇಧ ಮತ್ತು ಸಂಬಳದ ಶೇ 80ರಷ್ಟನ್ನು ಸರ್ಕಾರವೇ ಭರಿಸಿದ ಯೋಜನೆ. 2020ರ ಜೂನ್ 17ರಂದು ಅಲ್ಲಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್ ಮತ್ತೆ ಶುರುವಾದ ಮೇಲೂ ಎರಡೂ ಮುಂದುವರಿದವು. ಲೀಗ್ ಶುರುವಾಗುವ ಹಿಂದಿನ ದಿನವೇ, 22 ವರ್ಷದ ಫುಟ್‌ಬಾಲ್ ಆಟಗಾರ ಮಾರ್ಕಸ್ ರಾಶ್‌ಫರ್ಡ್ ಸಂಸದರಿಗೆ ಬರೆದ ಬಹಿರಂಗ ಪತ್ರಕ್ಕೆ ಮಣಿದು ಬ್ರಿಟನ್ ಸರ್ಕಾರ ಸುಮಾರು 13 ಲಕ್ಷ ಬಡ ಮಕ್ಕಳಿಗೆ ಬೇಸಿಗೆ ರಜೆಯಲ್ಲೂ ಊಟದ ನೆರವು ಕೊಡಲು ಒಪ್ಪಿತು. ಬಾಡಿಗೆಯ ಹೋರಾಟವನ್ನು ಸರ್ಕಾರದ ಬಾಗಿಲಲ್ಲಿ ಮಾಡಬೇಕು. ಆ ಬಾಗಿಲು ಬಡಿಯುವಾಗ ಆಟಗಾರರು ನಮ್ಮ ಜೊತೆಗಿರುತ್ತಾರೆ.

ವಿರೋಧ: ಸರದಿ ಮುರಿದವರು

ಮಾರ್ಚ್ 11ರ ಆ ರಾತ್ರಿ ಒಕ್ಲಹೋಮ ಸಿಟಿಯಲ್ಲಿ ಇನ್ನೇನು ಪಂದ್ಯ ಶುರುವಾಗಬೇಕು ಎನ್ನುವಾಗ, ಎನ್‌ಬಿಎಯ ಯೂಟಾ ಜಾಝ್ ತಂಡದ ರೂಡಿ ಗೋಬೇರ್‌ಗೆ ಸೋಂಕು ತಗಲಿರುವುದು ಗೊತ್ತಾಯಿತು. ಕೆಲವೇ ಗಂಟೆಗಳಲ್ಲಿ ತಂಡದವರಿಗಾಗಿ 58 ಪರೀಕ್ಷೆಗಳು ನಡೆದವು. ಅದೇ ವಾರ ಜ್ವರ, ಕೆಮ್ಮು ಇದ್ದ ಅಮೆರಿಕನ್ನರು ಪರೀಕ್ಷೆ ಸಿಗದೆ ಆಸ್ಪತ್ರೆಗಳ ಬಾಗಿಲಿನಿಂದ ಹಿಂದಿರುಗುತ್ತಿದ್ದರು. ಆಟಗಾರರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಹೆದರಿದ್ದರು. ಆದರೆ ಮುಂದಿನ ಎರಡು ವರ್ಷಗಳ ಕಥೆ ಆ ಒಂದು ರಾತ್ರಿಯಲ್ಲೇ ಇದೆ: ಎಲ್ಲರೂ ಸಾಲಿನಲ್ಲಿ ನಿಂತಿದ್ದಾಗ ಕ್ರೀಡೆಗೆ ಬೇರೆಯೇ ಬಾಗಿಲು.

ಸಾಂಕ್ರಾಮಿಕದಲ್ಲಿ ಕೊರತೆ ಬರೀ ಹಣದ್ದಲ್ಲ. ಪರೀಕ್ಷೆ, ದಾದಿ, ಆಂಬುಲೆನ್ಸ್, ಆಮ್ಲಜನಕ, ಹಾಸಿಗೆ ಎಲ್ಲವೂ ಎಣಿಕೆಯವು. ಟೋಕಿಯೊ ಒಲಿಂಪಿಕ್ಸ್ ಸಂಘಟಕರು 2021ರಲ್ಲಿ 500 ದಾದಿಯರನ್ನು ಕೇಳಿದಾಗ ಜಪಾನಿನ ವೈದ್ಯಕೀಯ ಕಾರ್ಮಿಕ ಸಂಘಟನೆಗಳು ಸಿಡಿದೆದ್ದವು. ದಣಿದು ಹೋದ ವಾರ್ಡುಗಳಿಂದ ಅವರನ್ನು ಎಲ್ಲಿಂದ ತರುವುದು? ಕ್ರೀಡಾಕೂಟ ನಡೆಯಿತು, ನಡೆಯುತ್ತಿದ್ದಾಗಲೇ ಟೋಕಿಯೊದಲ್ಲಿ ದಿನವೊಂದರ ಪ್ರಕರಣಗಳು ಮೊದಲ ಬಾರಿಗೆ 5,000 ದಾಟಿದವು. ಅದೇ ವರ್ಷ ಏಪ್ರಿಲ್ 9ರಂದು ಐಪಿಎಲ್ ಶುರುವಾಯಿತು. ಆಮ್ಲಜನಕ ಸಿಗದೆ ದೆಹಲಿಯ ಆಸ್ಪತ್ರೆಗಳು ಕೈಚೆಲ್ಲಿ ಕುಳಿತಿದ್ದಾಗ, ಏಪ್ರಿಲ್ 28ರಂದು ಅದೇ ನಗರದ ಅರುಣ್ ಜೇಟ್ಲಿ ಕ್ರೀಡಾಂಗಣದಲ್ಲಿ ದೀಪಗಳು ಬೆಳಗಿದವು. ಕುಟುಂಬದವರು ಸೋಂಕಿನೊಂದಿಗೆ ಹೋರಾಡುತ್ತಿದ್ದಾರೆಂದು ಆರ್. ಅಶ್ವಿನ್ ಅದಾಗಲೇ ತಂಡ ಬಿಟ್ಟು ಮನೆಗೆ ಹೊರಟಿದ್ದರು. ‘ದಿ ನ್ಯೂ ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆ ಐಪಿಎಲ್ ವರದಿಗಳನ್ನೇ ನಿಲ್ಲಿಸಿತ್ತು. ಕೊನೆಗೆ ಮೇ 4ರಂದು ಟೂರ್ನಿ ನಿಂತದ್ದು ಹೊರಗಿನ ಚಿತೆಗಳನ್ನು ಕಂಡಲ್ಲ, ಸೋಂಕು ಬಬಲ್‌ನ ಒಳಗೇ ಬಂದಾಗ.

ಪ್ರೇಕ್ಷಕರಿದ್ದ ಕಾಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2020ರ ಫೆಬ್ರುವರಿ 19ರಂದು ಅಟಲಾಂಟ ತಂಡದ ಫುಟ್‌ಬಾಲ್ ಪಂದ್ಯ ನೋಡಲು ಇಟಲಿಯ ಬೆರ್ಗಾಮೊದಿಂದ ಸುಮಾರು 40,000 ಜನ ಮಿಲಾನಿಗೆ ಹೋಗಿ ಬಂದರು. ಒಂದು ತಿಂಗಳೊಳಗೆ ಬೆರ್ಗಾಮೊದಿಂದ ಶವಪೆಟ್ಟಿಗೆಗಳನ್ನು ಸೇನೆಯ ಟ್ರಕ್‌ಗಳು ಹೊರಸಾಗಿಸಬೇಕಾಯಿತು.

ಕ್ರೀಡೆ ಕಾರ್ಮಿಕರ ಹೊಟ್ಟೆಪಾಡು ಎಂಬ ವಾದಕ್ಕೆ ಬರುತ್ತೇನೆ, ಏಕೆಂದರೆ ಗಂಭೀರವಾಗಿ ಉತ್ತರಿಸಬೇಕಾದ ವಾದ ಅದೊಂದೇ. ಖಾಲಿ ಕ್ರೀಡಾಂಗಣದಲ್ಲಿ ಪಂದ್ಯ ನಡೆದರೆ ಉಳಿಯುವುದು ಪ್ರಸಾರದ ಹಣ. ಗೇಟಿನಲ್ಲಿ ಟಿಕೆಟ್ ಹರಿಯುವವನು, ತಿಂಡಿ ಮಾರುವವಳು, ಕುರ್ಚಿಗಳ ನಡುವೆ ಕಸ ಗುಡಿಸುವವರು, ವಾಹನ ನಿಲ್ಲಿಸಲು ದಾರಿ ತೋರುವವರಿಗೆ ಪ್ರೇಕ್ಷಕನಿಲ್ಲದೆ ಕೆಲಸವಿಲ್ಲ. ಪಂದ್ಯ ನಡೆದರೂ ಒಂದೇ, ನಿಂತರೂ ಒಂದೇ, ಅವರ ಬಾಡಿಗೆ ಬಾಕಿಯೇ. ನ್ಯೂ ಆರ್ಲಿಯನ್ಸ್ ಕ್ರೀಡಾಂಗಣದ ಸಿಬ್ಬಂದಿಯ 30 ದಿನಗಳ ಸಂಬಳವನ್ನು ತಾನು ಕೊಡುತ್ತೇನೆ ಎಂದು ಮುಂದೆ ಬಂದದ್ದು 19 ವರ್ಷದ ಎನ್‌ಬಿಎ ಆಟಗಾರ ಝಯಾನ್ ವಿಲಿಯಮ್ಸನ್. ಆ ಹುಡುಗನಿಗೆ ನನ್ನ ನಮಸ್ಕಾರ. ಆದರೆ ನೂರಾರು ಕೋಟಿ ಡಾಲರ್ ವಹಿವಾಟಿನ ಉದ್ಯಮದಲ್ಲಿ ಕಸ ಗುಡಿಸುವವರ ತಿಂಗಳ ಸಂಬಳಕ್ಕೆ ಒಬ್ಬ ಹದಿಹರೆಯದವನ ಔದಾರ್ಯ ಬೇಕಾಯಿತಲ್ಲ, ಆಮೇಲೂ ಕಾರ್ಮಿಕರ ಹೆಸರಿನಲ್ಲಿ ಲೀಗ್ ನಡೆಸುತ್ತೇವೆ ಎಂದರೆ ನಂಬುವುದು ಹೇಗೆ?

ಮನೆ ಮತ್ತು ಆಟ ಬೇರೆ ಬೇರೆ ಲೆಕ್ಕ ಎನ್ನುವವರು ಲಾಸ್ ವೇಗಸ್ ನೋಡಬೇಕು. ಅಲ್ಲಿ ಅಮೆರಿಕನ್ ಫುಟ್‌ಬಾಲ್‌ಗಾಗಿ ಕಟ್ಟಿದ ಅಲಿಜಿಯಂಟ್ ಕ್ರೀಡಾಂಗಣಕ್ಕೆ 75 ಕೋಟಿ ಡಾಲರ್ ಸಾರ್ವಜನಿಕ ಹಣ ಹೋಯಿತು. ಹೋಟೆಲ್ ಕೋಣೆಗಳ ಮೇಲಿನ ತೆರಿಗೆಯಿಂದ ಆ ಸಾಲ ತೀರಬೇಕಿತ್ತು. 2020ರ ಮಾರ್ಚ್ ಕೊನೆಯಲ್ಲಿ ನಗರದ ನಿರಾಶ್ರಿತರ ಆಸರೆಯೊಂದು ಸೋಂಕಿನಿಂದ ಮುಚ್ಚಿದಾಗ, ಅಲ್ಲಿದ್ದವರನ್ನು ಕ್ಯಾಶ್‌ಮನ್ ಸೆಂಟರ್ ಎಂಬಲ್ಲಿನ ವಾಹನ ನಿಲುಗಡೆ ಜಾಗದಲ್ಲಿ ಮಲಗಿಸಿದರು. ಡಾಂಬರಿನ ಮೇಲೆ ಬಿಳಿ ಗೆರೆ ಎಳೆದು ಚೌಕಗಳನ್ನು ಮಾಡಿದ್ದರು, ಒಬ್ಬರಿಗೊಂದು ಚೌಕ, ನಡುವೆ ಅಂತರ. ಅದೇ ಹೊತ್ತಿನಲ್ಲಿ ನಗರದ ಒಂದು ಲಕ್ಷಕ್ಕೂ ಹೆಚ್ಚು ಹೋಟೆಲ್ ಕೋಣೆಗಳು ಖಾಲಿಯಾಗಿದ್ದವು. ಹೋಟೆಲ್ ಮುಚ್ಚಿದ ಮೇಲೆ ತೆರಿಗೆಯೂ ಬತ್ತಿತು. ಕ್ರೀಡಾಂಗಣದ ಸಾಲದ ಕಂತು ಕಟ್ಟಲು ಮೀಸಲು ನಿಧಿಗೆ ಕೈಹಾಕಬೇಕಾಯಿತು. ಅದೇ ವರ್ಷ ತೆರೆದ ಆ ಕ್ರೀಡಾಂಗಣದಲ್ಲಿ ಮೊದಲ ಋತುವಿಡೀ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಒಂದು ನಗರದ ಬಳಿ ಹಣವಿತ್ತು, ಕೋಣೆಗಳಿದ್ದವು, ಕಟ್ಟಿ ಮುಗಿಯುತ್ತಿದ್ದ ಭಾರೀ ಕ್ರೀಡಾಂಗಣವಿತ್ತು. ಮನುಷ್ಯರು ಮಾತ್ರ ಡಾಂಬರಿನ ಮೇಲಿದ್ದರು. ಇದನ್ನು ಬರೆಯುವಾಗ ನನ್ನ ಕೈ ಬಿಗಿಯಾಗುತ್ತದೆ.

ಮನೆಯ ಬೆಲೆಯ ಕಥೆಯೂ ಇದೇ ದಾರಿಯಲ್ಲಿ ನಡೆಯಿತು. ಬಡ್ಡಿದರಗಳು ನೆಲಕಚ್ಚಿದವು, ಅಮೆರಿಕದಲ್ಲಿ 30 ವರ್ಷದ ಗೃಹಸಾಲದ ದರ 2020ರ ಜುಲೈಯಲ್ಲಿ ಮೊದಲ ಬಾರಿಗೆ ಶೇ 3ಕ್ಕಿಂತ ಕೆಳಗಿಳಿಯಿತು. ಸ್ಥಿರ ಸಂಬಳವಿದ್ದವರು ಕೆಲಸಕ್ಕೊಂದು ಕೋಣೆಯಿರುವ ದೊಡ್ಡ ಮನೆ ಕೊಂಡರು. 2021ರಲ್ಲಿ ಅಲ್ಲಿನ ಮನೆ ಬೆಲೆಗಳು ಶೇ 18ಕ್ಕಿಂತ ಹೆಚ್ಚು ಏರಿದವು. ಕೆಲಸ ಕಳೆದುಕೊಂಡ ಬಾಡಿಗೆದಾರನಿಗೆ ದಕ್ಕಿದ್ದು ಗಡುವು ಮಾತ್ರ, ಅದು ಮುಗಿದ ದಿನ ಬಾಕಿಯೆಲ್ಲ ಒಟ್ಟಿಗೆ ಎದುರು ನಿಂತಿತು. ಅಂಥವನ ಮುಂದೆ ಪ್ರತಿ ಸಂಜೆ ಪಂದ್ಯ ಇಟ್ಟು, ಬದುಕು ಎಂದಿನಂತಿದೆ ಎಂಬ ಭಾವನೆ ಹುಟ್ಟಿಸುವುದು ಸಮಾಧಾನವಲ್ಲ. ಎಲ್ಲವೂ ಸರಿಯಾಗಿದೆ ಎಂದು ಕಾಣಿಸುವ ಊರಿನಲ್ಲಿ ಬಾಡಿಗೆ ಮನ್ನಾ ಮಾಡಿ ಎಂಬ ಕೂಗು ಅತಿಯಾಗಿ ಕೇಳಿಸುತ್ತದೆ.

ನಿಲ್ಲಿಸಿದರೆ ಆಟಗಾರರು ಬೀದಿಪಾಲಾಗುತ್ತಾರೆ ಎಂಬ ಹೆದರಿಕೆಗೆ ವಿಂಬಲ್ಡನ್ ಉತ್ತರ ಕೊಟ್ಟಿದೆ. ಎರಡನೇ ಮಹಾಯುದ್ಧದ ನಂತರ ಮೊದಲ ಬಾರಿಗೆ ಆ ಟೂರ್ನಿಯನ್ನು 2020ರಲ್ಲಿ ರದ್ದು ಮಾಡಿದರು. ಸಾಂಕ್ರಾಮಿಕಕ್ಕೂ ಅನ್ವಯಿಸುವ ವಿಮೆಯನ್ನು ಅವರು ಮೊದಲೇ ಮಾಡಿಸಿದ್ದರು. ಒಂದು ಚೆಂಡೂ ಪುಟಿಯದ ಆ ವರ್ಷ, ರ್‍ಯಾಂಕಿಂಗ್ ಪ್ರಕಾರ ಆಡಬಹುದಾಗಿದ್ದ 620 ಆಟಗಾರರಿಗೆ ಒಟ್ಟು 1 ಕೋಟಿ ಪೌಂಡ್ ಹಂಚಿದರು. ಅರ್ಹತಾ ಸುತ್ತಿನ ಮಟ್ಟದಲ್ಲಿದ್ದವರಿಗೂ ತಲಾ 12,500 ಪೌಂಡ್ ಸಿಕ್ಕಿತು. ಲೀಗ್‌ಗಳು ಇಂಥ ನಿಧಿಯನ್ನು ಆಟಗಾರರಿಗೆ ಮಾತ್ರವಲ್ಲ, ಗೇಟ್ ಕಾಯುವವರಿಗೂ ಕಸ ಗುಡಿಸುವವರಿಗೂ ಸೇರಿಸಿ ಈಗಲೇ ಕಟ್ಟಬೇಕು. ಹಾಗೆ ಕಟ್ಟದ ಲೀಗಿಗೆ ಮುಂದಿನ ಕ್ರೀಡಾಂಗಣಕ್ಕೆಂದು ಒಂದು ಪೈಸೆ ಸಾರ್ವಜನಿಕ ಹಣವನ್ನೂ ಕೊಡಬಾರದು.